ಮಣ್ಣಿಗೆ ಬರಬಾರದವರು

ಬಲಗಾಲಿಗೆ ಶೂ ಹಾಕಿ ಎಡಗಾಲಿನದಕ್ಕೆ ಗ್ರೆಗರಿ ಕೈಚಾಚುವಷ್ಟರಲ್ಲಿ ಗ್ಲೋರಿಯಾ ಬಂದು ಆ ಶೂವನ್ನು ಎತ್ತಿ ಬದಿಗಿಟ್ಟಳು. ಮೊದಲು ತನ್ನ ಮಾತು ಕೇಳಲಿ ಎಂದು.

“ಚಾಪೆಲ್‌ವರೆಗೆ ಬಾ. ಅದಕ್ಕೆ ಅಡ್ಡಿಯಿಲ್ಲ. ಅಲ್ಲಿಂದ ಮುಂದೆ ಗುಂಡಿಯ ಹತ್ತಿರ ನೀನು ಬರಬಾರದು. ಹೆಂಡತಿಯ ಮಣ್ಣಿಗೆ ಗಂಡ ಹೋಗುವ ಪದ್ಧತಿ ನಮ್ಮಲ್ಲಿಲ್ಲ.”

ಗ್ರೆಗರಿ ಒಂಟಿ ಶೂವಿನಲ್ಲೇ ಕುಳಿತ. ಮೂರು ತಿಂಗಳಿಂದ ಆಸ್ಪತ್ರೆ, ಕೊನೆಗಾಲದ ಆರೈಕೆಯ ಹಾಸ್ಪಿಸ್ ಎಂದು ಅಲೆದು ಅವನ ಮೈಯಲ್ಲಿ ವಾದ ಮಾಡುವ ಶಕ್ತಿ ಉಳಿದಿರಲಿಲ್ಲ. ಗ್ಲೋರಿಯಾ ಅವನ ತೀರಿಕೊಂಡ ಹೆಂಡತಿ ರೂಬಿಯ ಚಿಕ್ಕಮ್ಮನ ಮಗಳು. ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನಲ್ಲೇ ಹುಟ್ಟಿ ಅಲ್ಲೇ ಅಜ್ಜಿಯಾದವಳು. ಮೊನ್ನೆ ಜರ್ಮನಿಯ ರೇಗನ್ಸ್‌ಬರ್ಗ್‌ಗೆ ಬಂದಿಳಿದಾಗಿನಿಂದ ಮನೆಯ ಯಜಮಾನಿಕೆ ಅವಳದೇ. ಕನ್ನಡಿಗೆ ಬಟ್ಟೆ ಮುಚ್ಚಿಸಿದ್ದಳು, ಸಾವಿನ ಮನೆಯಲ್ಲಿ ಸಲ್ಲದೆಂದು ಕೆಂಪು ಬಣ್ಣದ ಕುಶನ್ನುಗಳನ್ನೆಲ್ಲ ಬಾಲ್ಕನಿಗೆ ಹಾಕಿಸಿದ್ದಳು.

“ನೀನೂ ಅಷ್ಟೇ ಹೆನ್ರಿ,” ಎಂದು ಅವಳು ಸೋಫಾದ ಕಡೆ ತಿರುಗಿದಳು. “ತಂಗಿ ಹೋದರೆ ಅಣ್ಣ ಮಣ್ಣಿಗೆ ಹೋಗುವಂತಿಲ್ಲ. ಹಿರಿಯರು ಕಿರಿಯರನ್ನು ಕಳಿಸಿಕೊಡಬಾರದು.”

ಹೆನ್ರಿ ರೂಬಿಯ ಒಡಹುಟ್ಟಿದ ಅಣ್ಣ. ಮಿಸಿಸಿಪ್ಪಿಯ ಹತ್ತಿ ಹೊಲಗಳ ಸೀಮೆಯವನು. ಹ್ಯಾಟನ್ನು ಮೊಣಕಾಲ ಮೇಲಿಟ್ಟುಕೊಂಡು, ಒಂದೊಂದು ಪದವನ್ನೂ ಎಳೆದೆಳೆದು ಮಾತನಾಡುವ ಮುದುಕ. “ನಾನು ಮೂರು ವಿಮಾನ ಹತ್ತಿ ಇಳಿದು ಬಂದದ್ದು ಬರೀ ಚಾಪೆಲ್ ನೋಡೋದಕ್ಕಲ್ಲ, ಗ್ಲೋರಿಯಾ,” ಎಂದ.

“ನಿಮ್ಮ ಕಡೆ ಪದ್ಧತಿ ಅನ್ನೋದೇ ಇಲ್ಲ. ಚೀನೀಯರ ಮನೆಯಲ್ಲಿ ಹುಟ್ಟಿ ಬ್ಯಾಪ್ಟಿಸ್ಟ್ ಚರ್ಚಿನ ಹಾಡು ಹಾಡ್ತೀರಿ.”

“ಊರಿಗೆ ಮೂರೇ ಮನೆ ಇದ್ದೆವು. ಹಾಡೋದಕ್ಕೆ ಯಾರು ಕರೆದರೆ ಅವರ ಜೊತೆ ಹಾಡಿದೆವು.”

ಅಷ್ಟರಲ್ಲಿ ಪುಳಿಯೋಗರೆಯ ಡಬ್ಬಿ ಹಿಡಿದುಕೊಂಡು ದ್ವಾರಕನಾಥ ಒಳಗೆ ಬಂದ. ಮೈಸೂರಿನವನು. ಇಲ್ಲಿಯ ಚಿಪ್ ಕಾರ್ಖಾನೆಯಲ್ಲಿ ಗ್ರೆಗರಿಯ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದವನು. ಗೆಳೆಯನ ಒಂಟಿ ಶೂ ನೋಡಿ ನಿಂತ.

“ಏನಯ್ಯಾ ಇದು? ಸ್ಮಶಾನದವರು ಕೊಟ್ಟಿರೋ ಹೊತ್ತು ತಪ್ಪಿದರೆ ಮುಂದಿನ ವಾರ ಬನ್ನಿ ಅಂತಾರೆ. ಹೊರಡು.”

“ನಾನು ಮಣ್ಣಿಗೆ ಬರ್ಲಿಕ್ಕೆ ಆಗುದಿಲ್ಲ ಅಂತೆ, ಮಾರಾಯ,” ಎಂದ ಗ್ರೆಗರಿ. ಅವನು ಶಿರ್ವದವನು. ದೇಶ ಬಿಟ್ಟು ಇಷ್ಟು ವರ್ಷವಾದರೂ ಅವನ ಕನ್ನಡಕ್ಕೆ ಉಡುಪಿಯ ಧಾಟಿ ಹಾಗೇ ಇತ್ತು.

“ಯಾರು ಹೇಳಿದ್ದು? ಈಯಮ್ಮನಾ? ಸುಮ್ನೆ ಬಾ ನೀನು.”

ಈಯಮ್ಮ ಒಬ್ಬಳೇ ಹೇಳಿದ್ದರೆ ಗ್ರೆಗರಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

*

ಎಂಟು ದಿನದ ಹಿಂದಿನ ಮಾತು. ಹಾಸ್ಪಿಸಿನ ಕಿಟಕಿಯಿಂದ ಡಾನ್ಯೂಬ್ ನದಿ ಕಾಣುತ್ತಿತ್ತು. ರೂಬಿ ಅದನ್ನು ನೋಡದೆ ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. ಗ್ರೆಗರಿ ಅವಳ ಅಂಗಾಲಿಗೆ ಎಣ್ಣೆ ತಿಕ್ಕುತ್ತಿದ್ದ.

“ಗ್ರೆಗ್, ನನ್ನನ್ನು ಹುಗಿಯುವಾಗ ನೀನು ಬರಬೇಡ. ಚಾಪೆಲ್‌ನಿಂದ ಸೀದಾ ಮನೆಗೆ ಹೋಗು.”

“ಹೀಗೆಲ್ಲ ಮಾತಾಡಬೇಡ.”

“ಬರುವುದಿಲ್ಲ ಅಂತ ಹೇಳು.”

“ಯಾಕೆ?”

ಅವಳು ಕಣ್ಣು ಮುಚ್ಚಿದಳು. ನಿದ್ದೆ ಬಂತೋ, ಹೇಳುವುದು ಬೇಡವೆನಿಸಿತೋ. ಕಾಫಿ ತಂದ ಮಗಳು ರೆಬೆಕಾ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಆಮೇಲೆ ರೂಬಿ ಇದ್ದದ್ದು ಎರಡೇ ದಿನ, ಅದೂ ಮಂಪರಿನಲ್ಲಿ.

ಆ ಮಾತನ್ನು ಗ್ರೆಗರಿ ಅಂದಿನಿಂದ ಹೊತ್ತು ತಿರುಗುತ್ತಿದ್ದ. ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ಸುಖವಾಗಿದ್ದವಳನ್ನು ತನ್ನ ನೌಕರಿಗಾಗಿ ಈ ಚಳಿ ಊರಿಗೆ ತಂದಿದ್ದ. ಅವಳೂ ಅದೇ ಕಾರ್ಖಾನೆ ಸೇರಿ, ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟು, ದೂಳು ಸೋಕದ ಕ್ಲೀನ್‌ರೂಮಿನಲ್ಲಿ ಪಾಳಿ ದುಡಿದಳು. ಎಷ್ಟು ಮುಚ್ಚಿಕೊಂಡರೂ ಕಣ್ಣು ನೋಡಿಯೇ ಯಾವ ಊರು ಎಂದು ಕೇಳುತ್ತಾರಲ್ಲ ಎಂದು ನಗುತ್ತಿದ್ದಳು. ಮಿಸಿಸಿಪ್ಪಿ ಎಂದರೆ ಯಾರೂ ನಂಬುತ್ತಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನಲ್ಲಿ ಅವಳು ಬಾಯಿಬಿಟ್ಟರೆ ಅಂಗಡಿಯವರು ಹಳ್ಳಿ ಗುಗ್ಗು ಎಂದು ನಗುತ್ತಿದ್ದರಂತೆ. ಶಿರ್ವದ ಮನೆಗೆ ಮೊದಲ ಸಲ ಹೋದಾಗ ನೆರೆಮನೆಯ ಹೆಂಗಸು ಅವಳ ಮುಂದೆ ಬಾಯಿ ತೆರೆದು ನೋಯುವ ದವಡೆಹಲ್ಲು ತೋರಿಸಿದ್ದಳು. ಚೀನಾದವರೆಂದರೆ ಆ ಕಡೆಯವರಿಗೆ ಹಲ್ಲಿನ ಡಾಕ್ಟರು. ರೂಬಿ ಬೇಸರಿಸಿಕೊಳ್ಳದೆ ಬಗ್ಗಿ ನೋಡಿ, ಲವಂಗ ಇಟ್ಟುಕೊಳ್ಳಿ ಎಂದಿದ್ದಳು.

ಇಂಥವಳು ಕೊನೆಗೆ ತನಗೆ ಮಾತ್ರ ಬರಬೇಡ ಅಂದಳಲ್ಲ. ಒಳಗೊಳಗೇ ಇಷ್ಟು ಬೇಸರ ಇಟ್ಟುಕೊಂಡಿದ್ದಳೇ? ಇದನ್ನು ಯಾರ ಹತ್ತಿರ ಕೇಳುವುದು? ಗ್ರೆಗರಿ ಯಾರಿಗೂ ಹೇಳಿರಲಿಲ್ಲ.

*

ಚಾಪೆಲ್‌ನ ಪೂಜೆ ಬೇಗ ಮುಗಿಯಿತು. ಒಳಗೆ ಸೇರಿದ್ದವರು ಮೂವತ್ತು ಜನರೂ ಇರಲಿಲ್ಲ. ಕಾರ್ಖಾನೆಯ ಕೆಲವು ಜರ್ಮನರು, ಮಂಗಳೂರು ಕಡೆಯ ನಾಲ್ಕು ಸಂಸಾರ, ಸೇತುವೆ ಪಕ್ಕದ ರೆಸ್ಟೋರೆಂಟಿನ ಶ್ರೀಮತಿ ಚೆನ್. ಈ ಚೆನ್ ಚೀನಾದ ಝೆಜಿಯಾಂಗಿನಿಂದ ಬಂದವಳು. ರೂಬಿಗೆ ಬರುತ್ತಿದ್ದ ಒಂದು ಹಿಡಿ ಚೀನೀ ಮಾತು ಇವಳಿಗೆ ತಿಳಿಯುತ್ತಿರಲಿಲ್ಲ, ಇವಳದ್ದು ಅವಳಿಗೆ ತಿಳಿಯುತ್ತಿರಲಿಲ್ಲ. ಇಬ್ಬರೂ ಜರ್ಮನ್‌ನಲ್ಲಿ ಹರಟುತ್ತಿದ್ದರು.

ಶವಪೆಟ್ಟಿಗೆಯನ್ನು ಗಾಡಿಗೆ ಏರಿಸುವವರೆಗೆ ಎಲ್ಲರೂ ಹೊರಗೆ ಲಿಂಡೆನ್ ಮರದ ಕೆಳಗೆ ನಿಂತರು. ದ್ವಾರಕನಾಥನಿಗೆ ಸುಮ್ಮನಿರುವುದು ಗೊತ್ತಿಲ್ಲ. ಗ್ಲೋರಿಯಾಳನ್ನು ಮಾತಿಗೆಳೆದ. “ನಿಮ್ಮ ಕಡೆ ಹೇಗೆ ಮಾಡ್ತಾರೆ, ಮೇಡಂ?”

ಅವಳು ಅದಕ್ಕೇ ಕಾದಿದ್ದಳೇನೋ. “ನಮ್ಮಲ್ಲಿ ಬ್ಯಾಂಡು ಇರುತ್ತೆ. ಟಾಪಿಲ್ಲದ ಕಾರಿನಲ್ಲಿ ದೊಡ್ಡ ಫೋಟೊ. ಸತ್ತವರ ಮನೆಯ ಮುಂದೆ ನಿಂತು ಹೋಗುತ್ತೆ ಮೆರವಣಿಗೆ. ಯಾರು ಎಲ್ಲಿ ನಿಲ್ಲಬೇಕು, ಯಾರು ಬರಬಾರದು, ಎಲ್ಲ ನಮ್ಮ ಕುಲದ ಸಂಘದ ಹಿರಿಯರು ಹೇಳ್ತಾರೆ. ನ್ಯೂಯಾರ್ಕಿನಲ್ಲಿ ನನ್ನ ಮಗ ಇದ್ದಾನೆ, ಅಲ್ಲಿ ಬೇರೆ. ಈಚೆಗೆ ಚೀನಾದಿಂದ ಬಂದ ಫುಜಿಯಾನಿನವರು ಸತ್ತವರಿಗೆಂದು ಕಾಗದದ ಬಂಗಲೆ, ಕಾಗದದ ಫೋನು ಸುಡ್ತಾರೆ. ಅವರ ಮಾತು ನನಗೂ ಅರ್ಥ ಆಗಲ್ಲ.”

“ನನ್ನ ಮಕ್ಕಳು ಹ್ಯೂಸ್ಟನ್‌ನಲ್ಲಿದ್ದಾರೆ,” ಎಂದ ಹೆನ್ರಿ. “ಅಲ್ಲಿ ದೇವಸ್ಥಾನ, ದಿನಸಿ, ಹೆಣ ಇಡುವ ಮನೆ, ಎಲ್ಲ ಒಂದೇ ಮಾಲಿನಲ್ಲಿ. ಪಾರ್ಕಿಂಗ್‌ಗೆ ಮಾತ್ರ ಬರಗಾಲವಿಲ್ಲ.”

ದ್ವಾರಕನಾಥ ನಕ್ಕುಬಿಟ್ಟು, ಜಾಗ ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದ. ಗ್ರೆಗರಿ ಮಾತ್ರ ಗಾಡಿಯ ಕಡೆಯೇ ನೋಡುತ್ತಿದ್ದ. ಇನ್ನು ಹೇಳದಿದ್ದರೆ ಆಗದು ಅನ್ನಿಸಿತು.

“ಗ್ಲೋರಿಯಾ, ಬರಬೇಡ ಅಂತ ಅವಳೂ ಹೇಳಿದ್ದಳು. ಯಾಕೆ ಅಂತ ಹೇಳಲಿಲ್ಲ.”

ಗ್ಲೋರಿಯಾಳ ಮುಖದ ಬಿಗಿ ಒಮ್ಮೆಲೇ ಸಡಿಲವಾಯಿತು. “ರೂಬಿ ಹೇಳಿದಳಾ? ಅವಳ ಬಾಯಿಂದಲೇ?” ಅವನ ತೋಳು ಹಿಡಿದುಕೊಂಡಳು. “ಗಂಡ ಮಣ್ಣಿಗೆ ಹೋದರೆ, ಇನ್ನೊಬ್ಬಳನ್ನು ತರುವುದಿಲ್ಲ ಅಂತ ಸತ್ತವಳಿಗೆ ಮಾತು ಕೊಟ್ಟ ಹಾಗೆ. ಹೋಗದಿದ್ದರೆ ಅವನಿಗೆ ಬಿಡುಗಡೆ. ನಿನಗೆ ಒಂಟಿಯಾಗಿರಬೇಡ ಅಂದಳು, ಗ್ರೆಗ್. ಮತ್ತೆ ಮದುವೆಯಾಗು ಅಂದಳು.”

“ಈ ವಯಸ್ಸಿಗಾ?” ಎಂದ ಗ್ರೆಗರಿ. ನಗು ಬರುವಂತಾಯಿತು, ಬಂದದ್ದು ಅಳು. ಎಂಟು ದಿನದಿಂದ ಅವನು ಹೊತ್ತು ತಿರುಗಿದ್ದು ಅವಳ ಮುನಿಸಲ್ಲ. ಅಷ್ಟು ಗೊತ್ತಾದದ್ದೇ ತಡ, ಅಲ್ಲೇ ಬೆಂಚಿನ ಮೇಲೆ ಕುಳಿತ.

ಹೆನ್ರಿ ಪಕ್ಕದಲ್ಲಿ ಕುಳಿತ. “ಅವಳು ಹಾಗೆ ಹೇಳಿದ್ದು ಯಾಕೆ ಅಂತ ನನಗೆ ಗೊತ್ತು. ನಮ್ಮಮ್ಮ ಸತ್ತಾಗ ರೂಬಿಗೆ ಆರು ವರ್ಷ. ಅಪ್ಪ ಮಣ್ಣಿಗೆ ಹೋದ.”

*

ಮಿಸಿಸಿಪ್ಪಿಯ ಆ ಊರಲ್ಲಿ ಚೀನೀಯರದು ಮೂರು ಅಂಗಡಿ, ಮೂರು ಸಂಸಾರ. ಪೆಟ್ಟಿಗೆ ಹೊರಲು ಗಂಡಸರು ಸಾಲಲಿಲ್ಲ. ಒಂದು ಬದಿಗೆ ಅಪ್ಪ ಮತ್ತು ಇನ್ನೆರಡು ಅಂಗಡಿಯವರು. ಇನ್ನೊಂದು ಬದಿಗೆ ಅಂಗಡಿಯಿಂದ ದಿನಸಿ ಒಯ್ಯುತ್ತಿದ್ದ ಕಪ್ಪು ಜನ, ಹತ್ತಿ ಹೊಲದಿಂದ ನೇರ ಬಂದವರು. ರೂಬಿ ಅಣ್ಣನ ಕೈಹಿಡಿದು ಹಿಂದೆ ನಡೆದಳು.

ಅಪ್ಪ ಮತ್ತೆ ಮದುವೆಯಾಗಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಡುಗೆ ಮಾಡಿ, ಸೋಯಾ ಸಾಸ್ ಹಾಕಿದ ಕರಿದ ಮೀನನ್ನು ನಿಂತುಕೊಂಡೇ ಉಣ್ಣುತ್ತಿದ್ದ. ರೂಬಿ ಬೆಳೆದದ್ದು ಅಕ್ಕಿ ಮೂಟೆಗಳ ಮೇಲೆ ಕುಳಿತು. ಜಡೆ ಹಾಕುವವರಿಲ್ಲದೆ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದ್ದರು. ಓದಿಗೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಹೋದಾಗ ಚಿಕ್ಕಮ್ಮ ಹೇಳಿದ್ದಳು: ನಿಮ್ಮಪ್ಪ ಅವತ್ತು ಸುಮ್ಮನೆ ಮನೆಯಲ್ಲಿದ್ದಿದ್ದರೆ ನಿನಗೊಬ್ಬ ತಾಯಿ ಬರುತ್ತಿದ್ದಳು.

*

“ರೂಬಿ ಅದನ್ನು ನಂಬಿಬಿಟ್ಟಳು,” ಎಂದ ಹೆನ್ರಿ. “ಅಪ್ಪ ಮನೆಯಲ್ಲಿದ್ದರೂ ಏನಾಗ್ತಿತ್ತು? ಆ ಕೌಂಟಿಯಲ್ಲಿ ಮದುವೆಗೆ ಯಾವ ಚೀನೀ ಹೆಂಗಸಿದ್ದಳು? ಗ್ಲೋರಿಯಾಗೆ ಇದೆಲ್ಲ ತಿಳಿಯಲ್ಲ. ಅವಳ ಬೀದಿಯಲ್ಲಿ ಜನ ತುಂಬಿದ್ದರು, ಬರಬಾರದವರನ್ನು ಮನೆಯಲ್ಲಿ ಕೂರಿಸಿದರೂ ಹೆಣ ಮುಂದೆ ಹೋಗ್ತಿತ್ತು.”

ಗಾಡಿ ಹೊರಟಿತು. ಬೂದುಬಣ್ಣದ ಟೋಪಿಯ ನಾಲ್ವರು ಅದರ ಅಕ್ಕಪಕ್ಕ ನಡೆದರು. ಕೂಲಿಗೆ ಬಂದವರು. ಅವರಲ್ಲಿ ಯಾರೂ ರೂಬಿಯ ಮುಖ ಕಂಡವರಲ್ಲ.

ಗ್ರೆಗರಿ ಎದ್ದು ನಿಂತ. ರೆಬೆಕಾ ಬಂದು ಅಪ್ಪನ ಎದುರು ನಿಂತಳು. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿದ್ದವು.

“ಪಾಪಾ, ಪ್ಲೀಸ್. ಮಮಾ ವಾಂಟೆಡ್ ಇಟ್. ಶೀ ಆಸ್ಕ್ಡ್ ಯು. ಅದು ಅವಳ ಲಾಸ್ಟ್ ವಿಶ್.”

“ಹೌದು ಮಗಾ. ಕೇಳಿದ್ದು ಉಂಟು.”

“ದೆನ್?”

“ನಾನು ಬರುದಿಲ್ಲ ಅಂತ ಹೇಳ್ಲಿಲ್ಲ ಅಲ್ವಾ?” ಎಂದ ಗ್ರೆಗರಿ. “ಅವಳು ಹೇಳಿಸ್ಲಿಕ್ಕೆ ನೋಡಿದ್ಳು. ನಾನು ಯಾಕೆ ಅಂತ ಕೇಳಿದೆ, ಅಷ್ಟೇ. ಈಗ ಗೊತ್ತಾಯ್ತು. ನಂಗೆ ಆ ಬಿಡುಗಡೆ ಬೇಡ.”

ರೆಬೆಕಾ ತಡೆಯಲಿಲ್ಲ. ಅವನ ತೋಳಿಗೆ ತೋಳು ಸೇರಿಸಿದಳು. ದ್ವಾರಕನಾಥ ಇನ್ನೊಂದು ಪಕ್ಕಕ್ಕೆ ಬಂದ. “ನಿಧಾನ ಕಣಯ್ಯಾ, ಜಲ್ಲಿ ಜಾರುತ್ತೆ,” ಎಂದ. ಹೆನ್ರಿ ಹ್ಯಾಟು ತೆಗೆದು ಕೈಯಲ್ಲಿ ಹಿಡಿದು ಹಿಂದೆ ಬಂದ. ಇನ್ನು ಯಾರಿಗೆ ಪದ್ಧತಿ ಹೇಳುವುದೆಂದು ತಿಳಿಯದೆ ಗ್ಲೋರಿಯಾಳೂ ಬಂದಳು.

ಗುಂಡಿಯ ಮೇಲೆ ಅಡ್ಡ ಹಲಗೆಗಳಿದ್ದವು. ಪೆಟ್ಟಿಗೆಯನ್ನು ಅವುಗಳ ಮೇಲಿಟ್ಟು, ಕೆಳಗಿನಿಂದ ಎರಡು ದಪ್ಪ ಹಗ್ಗ ತೂರಿಸಿ, ನಾಲ್ವರು ನಾಲ್ಕು ತುದಿ ಹಿಡಿದರು. ಗ್ರೆಗರಿ ಮೊದಲನೆಯವನ ಹತ್ತಿರ ಹೋಗಿ ಕೈಯೊಡ್ಡಿದ.

“ಆಗುವುದಿಲ್ಲ ಸ್ವಾಮಿ,” ಎಂದ ಮೀಸೆಯ ಜರ್ಮನ್. “ನೀವು ಜಾರಿ ಬಿದ್ದರೆ ಇನ್ಶೂರೆನ್ಸಿನವರು ಒಂದು ಪೈಸೆ ಕೊಡುವುದಿಲ್ಲ.”

“ನನ್ನ ಹೆಂಡತಿ,” ಎಂದ ಗ್ರೆಗರಿ, ಜರ್ಮನ್‌ನಲ್ಲೇ.

ಮೀಸೆಯವನು ಪಾದ್ರಿಯ ಕಡೆ ನೋಡಿದ. ಪಾದ್ರಿ ಪುಸ್ತಕದೊಳಗೆ ಕಣ್ಣಿಟ್ಟುಕೊಂಡರು. ಅವನು ತನ್ನ ಕೈಗವಸು ಬಿಚ್ಚಿ ಗ್ರೆಗರಿಗೆ ಕೊಟ್ಟು, ಹಗ್ಗದ ತುದಿಯನ್ನೂ ಕೊಟ್ಟ. ಎದುರಿನ ತುದಿಗೆ ಹೆನ್ರಿ ಆಗಲೇ ಕೈ ಹಾಕಿದ್ದ. ಕೇಳದೆ, ಹೇಳದೆ.

ಹಲಗೆ ಸರಿಸಿದರು. ಭಾರ ಕೈಗೆ ಬಂತು. ಕೊನೆಯ ವಾರಗಳಲ್ಲಿ ಅವಳನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತಿ ಕೂರಿಸುವಾಗ ಅವಳು ಇಷ್ಟು ಭಾರವಿರಲಿಲ್ಲ.

“ಇಳಿಸುವಾಗ ನೋಡಬಾರದು,” ಎಂದು ಗ್ಲೋರಿಯಾ ತಗ್ಗಿದ ದನಿಯಲ್ಲಿ ಹೇಳಿ ಬೆನ್ನು ತಿರುಗಿಸಿದಳು. ಶ್ರೀಮತಿ ಚೆನ್‌ಗೆ ಆ ಮಾತು ತಿಳಿಯುವಂತಿರಲಿಲ್ಲ. ಆದರೂ ಅವಳು ಅದೇ ಹೊತ್ತಿಗೆ ತಿರುಗಿದ್ದಳು. ರೆಬೆಕಾ ಅವರಿಬ್ಬರನ್ನೂ ನೋಡಿ ತಿರುಗಿದಳು. ಬಳಿಕ ದ್ವಾರಕನಾಥ, ಮಂಗಳೂರಿನವರು, ಏನೆಂದು ಅರ್ಥವಾಗದೆ ಒಬ್ಬೊಬ್ಬರಾಗಿ ಕಾರ್ಖಾನೆಯ ಜರ್ಮನರು. ಕರಿಯ ಕೋಟುಗಳ ಬೆನ್ನುಗಳು ಗುಂಡಿಯ ಸುತ್ತ ಸಾಲಾಗಿ ನಿಂತವು.

ಹಗ್ಗ ಹಿಡಿದವರಷ್ಟೇ ಗುಂಡಿಯ ಕಡೆ ಮುಖಮಾಡಿದ್ದರು. ಗ್ರೆಗರಿ ಕೆಳಗೆ ನೋಡುತ್ತ ಹಗ್ಗವನ್ನು ಇಷ್ಟಿಷ್ಟೇ ಬಿಟ್ಟ. ಪೆಟ್ಟಿಗೆ ನೆಲ ಮುಟ್ಟಿತು. ಹಗ್ಗ ಸಡಿಲಾಯಿತು. ಆಚೆ ಬದಿಯವರು ಅದನ್ನು ಎಳೆದುಕೊಳ್ಳಲು ಕಾದು ನಿಂತರು. ಗ್ರೆಗರಿ ತನ್ನ ತುದಿಯನ್ನು ಮುಷ್ಟಿಗೆ ಇನ್ನೊಂದು ಸುತ್ತು ಸುತ್ತಿಕೊಂಡ.