ನವೋಲಾ ಕೋಟೆಗೆ ಬಂದ ಅಳಿಯ

ನವೋಲಾ ಮಣ್ಣಿನ ಕೋಟೆ. ಸುತ್ತ ಕೆಸರಿನ ಅಗಳು, ಅದರ ತಳದಲ್ಲಿ ನೆಟ್ಟ ಚೂಪು ಬಿದಿರು, ದಾಟಲು ಒಂದೇ ತೆಂಗಿನ ದಿಮ್ಮಿ. ಫಿಜಿಯ ಒಳನಾಡಿನಿಂದ ಇಳಿಯುವ ನದಿ ಅದರ ಬುಡದಲ್ಲೇ ತಿರುಗುತ್ತಿತ್ತು. ಕಡಲಿನ ಉಪ್ಪು ಮೇಲೆ ಹೋಗಲಿ, ಬೆಟ್ಟದ ಗೆಣಸು ಕೆಳಗೆ ಬರಲಿ, ದೋಣಿ ಆ ತಿರುವು ಹಾಯಲೇಬೇಕು. ಪಟ್ಟಕ್ಕಾಗಿ ಒಡೆಯನ ಮನೆಯ ಅಣ್ಣತಮ್ಮಂದಿರು ಬಡಿದಾಡತೊಡಗಿದ ಮೇಲೆ, ಗಡಿಯ ಈ ಕೋಟೆ ಹಿಡಿದವರು ಇನ್ನೊಂದು ಕಡೆಯವರನ್ನು ಉಪವಾಸ ಕೆಡವಬಹುದಿತ್ತು. ಬೆಟ್ಟದ ಕಡೆಯ ಅಣ್ಣನ ಪರವಾಗಿ ಅದನ್ನು ಕಾಯುತ್ತಿದ್ದವನು ನಲೇಬಾ. ಕಡಲ ಕಡೆಯ ತಮ್ಮನಾದ ರಾತು, ಅಂದರೆ ಒಡೆಯ, ವೆಯಾನ ಪಡೆ ಎರಡು ಸಲ ನುಗ್ಗಿ, ಅಗಳಿನಲ್ಲಿ ಹೆಣ ಬಿಟ್ಟು ಹಿಂದಿರುಗಿತ್ತು.

ಮತ್ತೆ ವೆಯಾ ಪಡೆ ಕಳಿಸಲಿಲ್ಲ. ತನ್ನ ದಳಪತಿ ಸೌಕುರುವನ್ನು ಬರಿಗೈಯಲ್ಲಿ ಕಳಿಸಿದ. ಸೌಕುರು ನಲೇಬಾನ ಅಕ್ಕನ ಮಗ, ಅಂದರೆ ಆ ಊರಿಗೆ ವಾಸು. ತಾಯಿಯ ತವರಿನಲ್ಲಿ ವಾಸು ಕೈಯಿಟ್ಟದ್ದೆಲ್ಲ ಅವನದು, ಯುದ್ಧವಿದ್ದರೂ ತಡೆಯುವಂತಿಲ್ಲ.

"ಏನ್ ಮಾವ, ದಿಮ್ಮಿ ಹಾಕ್ಸಲ್ವಾ? ಅಳಿಯ ಈಜ್ಕೊಂಡು ಬರ್ಬೇಕಾ?"

ಕಾವಲಿನವರು ನಕ್ಕು ದಿಮ್ಮಿ ಹಾಕಿದರು. ಅವನು ಹಂದಿಗಳನ್ನೆಲ್ಲ ಹೊಡೆದುಕೊಂಡು ಹೋದ. "ಬಡಕಲಾಗಿವೆ ಮಾವ, ನಿನ್ ಥರಾನೇ."

ಮಾರನೆಯ ದಿನ ಕಣಜದ ಗೆಣಸು ಕೇಳಿದ.

"ತಗೊಳ್ಲಿ ಬಿಡು," ಎಂದ ಹಿರಿಯ ಬಾಲೇ. "ವಾಸು ಕೈ ತಡೆದೋರ ಮನೇಲಿ ಮಕ್ಕಳು ಉಳಿಯಲ್ಲ."

"ಹೊಟ್ಟೆಗಿಲ್ದಿದ್ರೂ ಉಳಿಯಲ್ಲ ಅಜ್ಜ," ಎಂದ ನಲೇಬಾ. ಆದರೂ ಕೊಟ್ಟ.

ಮೂರನೆಯ ಸಲ ಸೌಕುರು ಅಗಳಿಗಿಳಿದು ಬಿದಿರಿನ ಮೇಲೆ ಕೈಯಿಟ್ಟ. "ಇದೂ ಬೇಕು ಮಾವ. ಬೇಲಿಗೆ."

"ಬೇರೇನಾದ್ರೂ ಕೇಳು ಮಗಾ. ನನ್ ದೋಣಿ ತಗೋ, ಮನೆ ತಗೋ."

"ಅದೂ ನಂದೇ ಅಲ್ವಾ? ನಾಳೆ ತಗೋತೀನಿ."

ನಲೇಬಾ ತನ್ನವರತ್ತ ತಿರುಗಿದ. ಅವರು ಆಗಲೇ ಗದೆ ಕೆಳಗಿಟ್ಟು ಬಿದಿರು ಕೀಳಲು ಇಳಿಯುತ್ತಿದ್ದರು. ಸೌಕುರು ನಗುತ್ತಲೇ ಬಿದಿರು ಕೀಳಲು ಬಗ್ಗಿದ. ಅಗಳಿಗಿಳಿದ ನಲೇಬಾನ ಗದೆ ಅವನ ಕತ್ತಿನ ಮೇಲೆ ಬಿತ್ತು.

ಬಾಲೇ ತನ್ನ ಗದೆಯನ್ನು ಕೆಸರಿಗೆಸೆದ.

"ಎತ್ಕೋ ಅಜ್ಜ, ಈಗ ಬರ್ತಾರೆ ವೆಯಾನ ಕಡೆಯೋರು."

"ಬರ್ಲಿ. ವಾಸುನ ಕೊಂದೋನ್ ಪಕ್ಕ ನಿಂತು ಸಾಯೋ ಕರ್ಮ ನಂಗ್ಯಾಕೆ?"

ಮಧ್ಯಾಹ್ನದೊಳಗೆ ಊರೆಲ್ಲ ದಿಮ್ಮಿ ದಾಟಿ ನದಿಯ ಮೇಲ್ಗಡೆಗೆ ಹೊರಟುಹೋಯಿತು. ಮಕ್ಕಳನ್ನು ಎಳೆದುಕೊಂಡು ಹೋದ ನಲೇಬಾನ ಹೆಂಡತಿ ಅವನ ಮುಖ ನೋಡಲಿಲ್ಲ.

ಅದೇ ದಿಮ್ಮಿಯ ಮೇಲೆ ವೆಯಾ ನಿಧಾನವಾಗಿ ನಡೆದು ಬಂದ. ಹೆಣ ನೋಡಿದ.

"ಬಿದಿರು ಕೊಟ್ಟಿದ್ರೆ ಇನ್ನೊಂದು ಸಲ ಬಡಿದಾಡ್ಬೇಕಿತ್ತು. ನೀನು ಕೋಟೆನೇ ಕೊಟ್ಟೆ. ನನ್ ಹುಡುಗರೂ ಇತ್ತೀಚೆಗೆ ಇವನ ಮಾತೇ ಜಾಸ್ತಿ ಕೇಳ್ತಿದ್ರು."

ನಲೇಬಾ ಕತ್ತು ಬಗ್ಗಿಸಿದ. "ಹೊಡಿ."

"ಯಾಕೆ? ನೀನೇ ಕಾಯಿ ಇದನ್ನ. ಇನ್ನು ನಿನ್ ಜೊತೆ ಕೂತು ಯಾರೂ ಉಣ್ಣಲ್ಲ. ನನ್ ಮೇಲೆ ಪಿತೂರಿ ಮಾಡೋಕೆ ನಿಂಗೆ ಯಾರು ಸಿಗ್ತಾರೆ?" ವೆಯಾ ನದಿಯತ್ತ ಕೈ ತೋರಿಸಿದ. "ಮೇಲಕ್ಕೆ ಒಂದು ಚಿಟಿಕೆ ಉಪ್ಪೂ ಹೋಗ್ಬಾರ್ದು. ಬಿಟ್ಟೆ ಅಂತ ಗೊತ್ತಾದ್ರೆ ನಿನ್ ಹೆಂಡ್ತಿ ಮಕ್ಕಳನ್ನ ಹುಡುಕಿಸ್ತೀನಿ."

ಸಂಜೆ ಕಡಲಿನ ಕಡೆಯಿಂದ ಉಪ್ಪು ಹೇರಿದ ದೋಣಿಯೊಂದು ಬಂತು. ನಲೇಬಾ ದಂಡೆಗಿಳಿದು ನಿಂತು, ಹಿಂದಕ್ಕೆ ತಿರುಗಿಸುವಂತೆ ಕೂಗಿದ.