ಎಂಟೂವರೆಯ ಬಸ್ಸು ತಡವಾದದ್ದು

ಬೆಳಗಿನ ಎಂಟೂವರೆಯ ಬಸ್ಸು ಎಂದಿನಂತೆ ತುಂಬಿತ್ತು. ಮಾರುಕಟ್ಟೆಯ ನಿಲ್ದಾಣದಲ್ಲಿ ಬಿಳಿಗೂದಲ ಹೆಂಗಸೊಬ್ಬರು ಬಾಗಿಲ ಕಂಬಿ ಹಿಡಿದು ಮೊದಲ ಮೆಟ್ಟಿಲೇರಿ ನಿಂತರು. ಇನ್ನೊಂದು ಕಾಲು ಎತ್ತಲು ಅವರಿಗೆ ತುಸು ಹೊತ್ತು ಬೇಕಿತ್ತು.

“ಬೇಗ ಹತ್ತಿ ಅಜ್ಜಿ, ನಿಮ್ಮೊಬ್ಬರಿಗೇ ಅಲ್ಲ ಬಸ್ಸು,” ಎಂದ ಕಂಡಕ್ಟರ್. ಒಳಗೆ ಯಾರೋ ನಕ್ಕರು. ಅವನು ಸೀಟಿ ಊದಿದ. ಬಸ್ಸು ಜಗ್ಗಿ ಹೊರಟಿತು. ಆಕೆಯ ಕೈ ಜಾರಿತು. ಅಂಗಾತ ರಸ್ತೆಗೆ ಬಿದ್ದರು.

ಸೊಂಟದ ಮೂಳೆ ಮುರಿದಿತ್ತು. ಡಿಪೋದಲ್ಲಿ ವಿಚಾರಣೆ ನಡೆದು, ‘ಪ್ರಯಾಣಿಕರ ಅಜಾಗರೂಕತೆ’ ಎಂದು ಬರೆದು ಕಡತ ಮುಚ್ಚಿದರು.

“ತಲೆಗೆ ಬಂದಿದ್ದು ಪಾಗಿಗೆ ಹೋಯ್ತು ಬಿಡಣ್ಣ,” ಎಂದ ಡ್ರೈವರ್. “ಎಲ್ಲರನ್ನೂ ಕಾಯ್ತಾ ಕೂತ್ರೆ ಇವತ್ತಿನ ಟ್ರಿಪ್ಪು ನಾಳೆ ಹೊಡೀಬೇಕಾಗತ್ತೆ.”

ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಕಂಡಕ್ಟರನಿಗೆ ಊಟ ಸೇರಲಿಲ್ಲ.

ಹದಿನೈದು ದಿನಗಳ ಮೇಲೆ ಆಸ್ಪತ್ರೆಗೆ ಹೋದ. ಯಾವುದೋ ಕಾಯಿಲೆಯ ಮುದುಕಿ ಇರಬೇಕೆಂದುಕೊಂಡಿದ್ದ. “ಮೊದಲಿಂದ ಏನಾದ್ರೂ ಕಾಯಿಲೆ ಇತ್ತಾ?” ಎಂದು ಕೇಳಿದ. ಮಂಚದ ಪಕ್ಕದಲ್ಲಿದ್ದ ಮಗಳು ಅವನನ್ನು ಕೆಕ್ಕರಿಸಿ ನೋಡಿದಳು.

“ಅಮ್ಮಂಗೆ ಸಕ್ಕರೆ ಇಲ್ಲ, ಬಿಪಿ ಇಲ್ಲ. ಮೂವತ್ತು ವರ್ಷ ಮನೆಮನೆಗೆ ಅಂಚೆ ಹಂಚಿದ ಕಾಲು ಅದು.”

ತಾಯಿ ಅವಳನ್ನು ಸುಮ್ಮನಾಗಿಸಿದರು. “ಕಾಯಿಲೆ ಏನಿಲ್ಲಪ್ಪ, ವಯಸ್ಸು ಅಷ್ಟೇ. ಮನಸ್ಸು ಆಗ್ಲೇ ಒಳಗೆ ಹೋಗಿ ಸೀಟು ಹಿಡಿದಿರತ್ತೆ, ಕಾಲು ಆಮೇಲೆ ಬರತ್ತೆ. ನಮ್ಮೆಜಮಾನ್ರಿಗೂ ಹಾಗೇ ಆಗಿತ್ತು. ಅವರು ಕೊನೇವರೆಗೂ ಒಪ್ಪಿಕೊಳ್ಳಲಿಲ್ಲ, ನಾನು ಒಪ್ಪಿಕೊಂಡೆ.” ಹೊದಿಕೆ ಸರಿಪಡಿಸಿಕೊಂಡು, “ಅವತ್ತು ತಡ ಮಾಡ್ಬಿಟ್ಟೆ. ನಿಮಗೆ ತೊಂದರೆಯಾಯ್ತು,” ಎಂದರು.

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಕ್ಷಮೆ ಕೇಳದೆಯೇ ಹೊರಡಲು ಅನುವಾದ. ಸ್ಟೂಲಿನಿಂದ ಏಳುವಾಗ ಐವತ್ತಾರು ವರ್ಷದ ಅವನ ಮಂಡಿ ಲಟಕ್ಕೆಂದಿತು. ಕೈ ತಾನಾಗಿಯೇ ಮಂಚದ ಅಂಚು ಹಿಡಿಯಿತು. ಆಕೆ ಅದನ್ನು ನೋಡಿದರು.

ಆಕೆ ಮತ್ತೆ ನಡೆಯಲಿಲ್ಲ. ಎರಡು ತಿಂಗಳು ಹಾಸಿಗೆಯಲ್ಲೇ ಇದ್ದು ತೀರಿಕೊಂಡರು. ಅವನು ಅವರ ಮನೆಯವರೆಗೆ ಹೋಗಿ, ಬಾಗಿಲು ತಟ್ಟುವ ಧೈರ್ಯವಾಗದೆ ಹಿಂದಿರುಗಿದ.

ಆ ತಿಂಗಳು ಎಂಟೂವರೆಯ ಬಸ್ಸು ದಿನವೂ ಏಳೆಂಟು ನಿಮಿಷ ತಡವಾಯಿತು. ಪ್ರಯಾಣಿಕರು ಗೊಣಗಿದರು. ಡ್ರೈವರ್ ಅವನೊಡನೆ ಮಾತು ಬಿಟ್ಟ. ಕೊನೆಗೆ ಡಿಪೋ ಮ್ಯಾನೇಜರ್ ಕರೆಸಿ, ಕಾರಣ ಬರೆಯಲು ಹಾಳೆಯೊಂದನ್ನು ಮುಂದೆ ತಳ್ಳಿದರು.

“ಟ್ರಾಫಿಕ್ ಅಂತ ಬರಿ, ಮುಗಿಸಿಬಿಡೋಣ. ಇಲ್ದಿದ್ರೆ ಈ ವರ್ಷದ ಬಡ್ತಿ ಮರೆತುಬಿಡು. ನನ್ನ ಮೇಲೂ ಕೇಳೋರಿದ್ದಾರೆ.”

ಕಂಡಕ್ಟರ್ ಜೇಬಿನಿಂದ ಪೆನ್ನು ತೆಗೆದು ಹಾಳೆಯನ್ನು ಹತ್ತಿರಕ್ಕೆಳೆದುಕೊಂಡ. ಒಂದೇ ಸಾಲು ಬರೆದು ಕೊಟ್ಟ:

‘ಹತ್ತಿದವರು ಕೂರುವವರೆಗೆ ಕಾದೆ.’