ರದ್ದಾದ ಹರಾಜು

ಮನೆಯ ಬೀಗದಕೈಯನ್ನು ಹಳೆಯ ಮಾಲೀಕನ ಮಗನ ಅಂಗೈಗೆ ಹಾಕಿದೆ. ಆತ ತಲೆಯೆತ್ತಿ ಹೊಸ ತಗಡಿನ ಮಾಡು ನೋಡಿ, “ಛಲೋ ಮಾಡ್ಸೀರಿ ಬಿಡ್ರಿ ಅಕ್ಕಾರ,” ಎಂದ. ಕಪಾಳಕ್ಕೆ ಬಾರಿಸಬೇಕೆನ್ನಿಸಿತು.

ನಾನೇನು ಆ ಮನೆಯನ್ನು ಕದ್ದಿರಲಿಲ್ಲ. ಹನ್ನೊಂದು ವರ್ಷ ಮನೆಪಟ್ಟಿಯ ತೆರಿಗೆ ಕಟ್ಟದೆ ಮಾಲೀಕರು ಊರು ಬಿಟ್ಟಿದ್ದರು. ಪುರಸಭೆ ಅದನ್ನು ಹರಾಜಿಗೆ ಹಾಕಿತು, ನಾನು ಕೂಗಿ ಹಿಡಿದೆ. ನಮ್ಮ ಬಾಡಿಗೆ ಮನೆಯ ಎದುರಿನದೇ ಅದು. ರೊಟ್ಟಿ ಬಡಿದು ಮಾರುವ ನನಗೆ ಆರು ಒಲೆ ಹೂಡುವಷ್ಟು ಜಾಗ ಸಿಕ್ಕಿತ್ತು. ಅಪ್ಪ ತೀರಿಕೊಂಡು ತಿಂಗಳಾಗಿತ್ತಷ್ಟೆ. ಅವ್ವನ ಕಾಲದ ಬಂಗಾರ ಮಾರಿ ಮಾಡು ಹಾಕಿಸಿದೆ, ನೆಲಕ್ಕೆ ಫರಸಿ ಕಲ್ಲು ಹಾಸಿಸಿದೆ. ಎರಡು ವರ್ಷದ ಮೇಲೆ ಕೋರ್ಟು ಆ ಹರಾಜೇ ಅಸಿಂಧು ಎಂದಿತು. ಹರಾಜಿಗೆ ಮುಂಚೆ ಮನೆಯ ಮುಂದೆ ಡಂಗುರ ಸಾರಬೇಕಿತ್ತಂತೆ. ಸಾರಿರಲಿಲ್ಲವಂತೆ.

ಪುರಸಭೆಗೆ ಹೋದರೆ ಹರಾಜು ನಡೆಸಿದ್ದ ಹಂಚಿನಾಳ ಸಾಹೇಬರು ಚಹಾ ಕುಡಿಯುತ್ತಲೇ ಹೇಳಿದರು: “ಹರಾಜಿನ ರೊಕ್ಕ ವಾಪಸ್ ಕೊಡ್ತೀವಿ. ಮಾಡು, ಫರಸಿ ನಮಗ ಸಂಬಂಧಿಲ್ಲ.”

“ತಪ್ಪು ಯಾರದ್ರಿ?”

“ಡಂಗುರದ ಪರಸಪ್ಪಂದು. ಸಾರೇನಿ ಅಂತ ಸುಳ್ಳು ಹೇಳ್ಯಾನ. ಅವನ ಮ್ಯಾಲೆ ಒಂದು ತಕರಾರು ಕೊಡ್ರಿ. ಮುಂದಿನ ತಿಂಗಳು ರಿಟೈರ್ ಆಗ್ತಾನ, ಆಗ ಅವಗ ಬರೋ ರೊಕ್ಕದ ಗಂಟಿನ್ಯಾಗ ಹಿಡದು ನಿಮ್ಮ ಖರ್ಚು ಕೊಡಸ್ತೀವಿ.”

ಸಿಟ್ಟು ನೆತ್ತಿಗೇರಿ ನೆಟ್ಟಗೆ ಪರಸಪ್ಪನ ಮನೆಗೆ ನಡೆದೆ. ಮುದುಕ ಹೊಸ್ತಿಲಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

“ನನ್ನ ಹೊಟ್ಟಿ ಮ್ಯಾಲೆ ಯಾಕ ಹೊಡದಿ ಪರಸಪ್ಪಾ? ಡಂಗುರ ಸಾರಾಕ ನಿನ್ನ ಗಂಟೇನು ಹೋಗ್ತಿತ್ತು?”

ಅವನು ಎಲೆ ಕೆಳಗಿಟ್ಟ. “ಹಲಗಿ ಹೆಗಲಿಗೆ ಹಾಕ್ಕೊಂಡು ನಿಮ್ಮ ಓಣಿಗೆ ಬಂದಿದ್ನಿ ಯವ್ವಾ. ಎದರಿಗೆ ನಿಮ್ಮ ಅಂಗಳದಾಗ ನಿಮ್ಮಪ್ಪನ ಹೆಣ ಇತ್ತು. ನೀ ಕಟ್ಟಿ ಹಿಡ್ಕೊಂಡು ಅಳಾಕತ್ತಿದ್ದಿ. ಹೆಣದ ಮುಂದ ನಿಂತು ಹರಾಜು ಕೂಗಲೇನು?”

ಅಷ್ಟು ದೂರ ಹೊತ್ತು ತಂದ ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ. “ಸಾಹೇಬ್ರಿಗೆ ಹೇಳಲಿಲ್ಲೇನು?” ಎಂದೆ.

“ಅವತ್ತ ಸಂಜಿಕೇ ಹೇಳಿದ್ನಿ. ಸೂತಕ ಕಳದ ಮ್ಯಾಲೆ ಸಾರಿ ಬರ್ತೀನ್ರಿ ಅಂದ್ನಿ. ‘ಇರ್ಲಿ ಬಿಡೋ, ಯಾರು ಕೇಳ್ತಾರ’ ಅಂದು, ಸಾರಿದ್ದನ್ನ ಖುದ್ದು ನೋಡೇನಿ ಅಂತ ಬರದು ಸಹಿ ಹಾಕಿದ್ರು.”

ಮಾಡಿನ ಖರ್ಚು ಇವತ್ತಿಗೂ ನನಗೆ ಬಂದಿಲ್ಲ. ಬರುವುದೂ ಇಲ್ಲ. ನೆನೆದಾಗಲೆಲ್ಲ ಮೈ ಉರಿಯುತ್ತದೆ. ಆದರೆ ಮರುದಿನ ಮಾಡಿದ್ದಕ್ಕೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ಕಚೇರಿಯಲ್ಲಿ ತಕರಾರು ನನ್ನ ಹೆಸರಿನಲ್ಲಿ ಟೈಪಾಗಿ ಕಾದಿತ್ತು. ಸಹಿ ಹಾಕಿದರೆ ಬಂಗಾರದ ದುಡ್ಡು ಕೈಗೆ ಬರುತ್ತಿತ್ತು. ಎರಡು ಸಲ ಓದಿದೆ. ಪರಸಪ್ಪನ ಹೆಸರು ಹೊಡೆದುಹಾಕಿ, ಅದರ ಮೇಲೆ ಹಂಚಿನಾಳ ಸಾಹೇಬರ ಹೆಸರು ಬರೆದು, ಹಾಳೆಯನ್ನು ಅವರತ್ತ ತಳ್ಳಿದೆ.

“ಏನಿದು?” ಎಂದರು.

“ನೋಡೇನಿ ಅಂತ ಬರದಾವ್ರು ನೀವು. ಕೊಡೋದಿದ್ರ ನಿಮ್ಮ ಗಂಟಿನ್ಯಾಗಿಂದು ಕೊಡ್ರಿ. ನಮ್ಮಪ್ಪಗ ಮರ್ಯಾದಿ ಕೊಟ್ಟಾಂವನ ಅನ್ನ ನನಗ ಬ್ಯಾಡ. ತಪ್ಪು ನಂದು ಅಂತ ಕೆಳಗ ಒಪ್ಪಿಗಿ ಸಹಿ ಹಾಕ್ರಿ.”

ಪೆನ್ನು ಮುಂದೆ ಚಾಚಿದೆ. ಹಿಂದೆ ಮನೆಪಟ್ಟಿ ಕಟ್ಟಲು ಸಾಲು ನಿಂತ ಜನ ಹಾಳೆಯತ್ತ ಬಗ್ಗಿ ನೋಡಿದರು. ಸಾಹೇಬರು ಪೆನ್ನು ತೆಗೆದುಕೊಳ್ಳಲಿಲ್ಲ. ನಾನೂ ಕೈ ಹಿಂದೆಗೆಯಲಿಲ್ಲ.